ಅವೇಯ್ಟ್‌ಗೆ ಸಂದ ಹೆಚ್ಚುವರಿ ಕೀರ್ತಿ

2012ರಲ್ಲಿ ಸಿ ಶಾರ್ಪ್ 5ರ ಜೊತೆ ಬಂದ ಅಸಿಂಕ್-ಅವೇಯ್ಟ್ ಜೋಡಿಗೆ ಡೆಸ್ಕ್‌ಟಾಪ್ ಪ್ರೋಗ್ರಾಮರ್‌ಗಳಲ್ಲಿ ಸಿಕ್ಕಿರುವ ಗೌರವ ಅದರ ಯೋಗ್ಯತೆಯನ್ನು ಮೀರಿದ್ದು. ಅದು ನೀಗಿಸಿದ ಕಷ್ಟ ಸಣ್ಣದೇನಲ್ಲ. ಯುಐ ಥ್ರೆಡ್‌ನಲ್ಲೇ ವೆಬ್‌ಕ್ಲೈಂಟ್‌ನ ಡೌನ್‌ಲೋಡ್‌ಫೈಲ್ ಕರೆದರೆ ವಿಂಡೋ ಬಿಳಿಚಿಕೊಂಡು 'ನಾಟ್ ರೆಸ್ಪಾಂಡಿಂಗ್' ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೆ ಹಿಂದೆ ಹಚ್ಚುತ್ತಿದ್ದ ಡೂಇವೆಂಟ್ಸ್, ಬ್ಯಾಕ್‌ಗ್ರೌಂಡ್‌ವರ್ಕರ್ ಮುಂತಾದ ಮದ್ದುಗಳ ಕಥೆಯನ್ನೂ ಮತ್ತೆ ಹೇಳಬೇಕಿಲ್ಲ. ಅವೇಯ್ಟ್ ಬಂದ ಮೇಲೆ ಮೇಲಿಂದ ಕೆಳಗೆ ಸರಾಗವಾಗಿ ಓದಿಸಿಕೊಳ್ಳುವ ಕೋಡ್ ಬಂತು. ಅದರ ಬೆನ್ನಿಗೇ, ವಿಂಡೋ ಸ್ಥಗಿತವಾಗದಿದ್ದರೆ ಡೌನ್‌ಲೋಡ್ ಸರಿಯಾಗಿ ನಡೆಯುತ್ತಿದೆ ಎಂಬ ನಂಬಿಕೆಯೂ ಬಂತು. ನನ್ನ ತಕರಾರು ಇರುವುದು ಆ ನಂಬಿಕೆಯ ಮೇಲೆ.

ಕಲಿಕೆಯ ಪಾಠಗಳಲ್ಲಿ ಪದೇ ಪದೇ ಕಾಣುವ ಎರಡು ಸಾಲುಗಳನ್ನೇ ನೋಡಿ. ಬಟನ್ ಒತ್ತಿದಾಗ ಎಚ್‌ಟಿಟಿಪಿಕ್ಲೈಂಟ್‌ನ ಗೆಟ್‌ಅಸಿಂಕ್‌ಗೆ ವಿಳಾಸ ಕೊಟ್ಟು ಅವೇಯ್ಟ್ ಮಾಡುವುದು ಒಂದು. ಬಂದದ್ದನ್ನು ಫೈಲಿಗೆ ಬರೆಯುವುದು ಇನ್ನೊಂದು. ಬೇರೇನೂ ಸೂಚಿಸದಿದ್ದರೆ ಉತ್ತರವೆಲ್ಲ ಮೆಮೊರಿಗೆ ಬಂದು ತುಂಬುವ ತನಕ ಮೊದಲ ಸಾಲು ಮುಗಿಯುವುದಿಲ್ಲ, ಮತ್ತು ಅದಕ್ಕಿರುವ ಗಡುವು ತಾನಾಗಿಯೇ 100 ಸೆಕೆಂಡ್. ಸೆಕೆಂಡಿಗೆ 1 ಎಂಬಿ ಇಳಿಯುವ ಸಂಪರ್ಕದಲ್ಲಿ 200 ಎಂಬಿಯ ಫೈಲ್ ಅರ್ಧಕ್ಕೇ ಕಡಿದುಹೋಗುತ್ತದೆ, ಇಳಿದಷ್ಟೂ ದಂಡ. ಆಗ ಸಿಗುವ ದೋಷದ ಹೆಸರು ಟಾಸ್ಕ್‌ಕ್ಯಾನ್ಸಲ್ಡ್‌ಎಕ್ಸೆಪ್ಷನ್. ಬಳಕೆದಾರ ತಾನೇ ರದ್ದು ಮಾಡಿದರೂ ಬರುವುದು ಅದೇ ದೋಷ. ರದ್ದಾದುದಕ್ಕೆ ಯಾವ ಸಂದೇಶವೂ ಬೇಡವೆಂದು ಕ್ಯಾಚ್ ಬ್ಲಾಕನ್ನು ಖಾಲಿ ಬಿಟ್ಟವರ ಪ್ರೋಗ್ರಾಮು ಗಡುವು ಮೀರಿದ್ದನ್ನೂ ನುಂಗಿಹಾಕುತ್ತದೆ. ಈ ಎರಡನ್ನು ಬೇರೆ ಮಾಡಿ ನೋಡಲು ಒಳಗೊಂದು ಟೈಮ್‌ಔಟ್‌ಎಕ್ಸೆಪ್ಷನ್ ಇಟ್ಟುಕೊಟ್ಟದ್ದು 2020ರ ಡಾಟ್‌ನೆಟ್ 5ರಲ್ಲಿ. ಮೆಮೊರಿ ಉಳಿಸಲು ರೆಸ್ಪಾನ್ಸ್‌ಹೆಡರ್ಸ್‌ರೀಡ್ ಎಂಬ ಆಯ್ಕೆ ಕೊಟ್ಟರೆ ಇನ್ನೊಂದು ತೊಡಕು: ಆ 100 ಸೆಕೆಂಡಿನ ಗಡುವು ಹೆಡರ್‌ಗಳಿಗಷ್ಟೇ ಅನ್ವಯಿಸುತ್ತದೆ. ಆಮೇಲೆ ಸಂಪರ್ಕ ನಡುವೆಯೇ ಸುಮ್ಮನಾದರೆ ಕೋಡ್ ಕಾಯುತ್ತಲೇ ಇರುತ್ತದೆ, ವಿಂಡೋ ಮಾತ್ರ ಚುರುಕಾಗಿಯೇ ಓಡಾಡುತ್ತದೆ. ಆ ಬಟನ್ನೂ ಜೀವಂತವಾಗಿರುವುದರಿಂದ ಬಳಕೆದಾರ ಮತ್ತೆ ಒತ್ತುತ್ತಾನೆ; ಒಂದೇ ಫೈಲಿಗೆ ಎರಡು ಡೌನ್‌ಲೋಡ್‌ಗಳು ಜಗಳಕ್ಕೆ ನಿಲ್ಲುತ್ತವೆ. ಸ್ಥಗಿತವಾದ ಹಳೆಯ ವಿಂಡೋ ಎಷ್ಟೇ ಕೆಟ್ಟದ್ದಾದರೂ ಏನೋ ತಪ್ಪಿದೆ ಎಂದು ಕಾಣಿಸುತ್ತಿತ್ತು, ಎರಡನೇ ಸಲ ಒತ್ತಿದ್ದಕ್ಕೆ ಕೂಡಲೇ ಓಗೊಡುತ್ತಿರಲಿಲ್ಲ.

ಇದೆಲ್ಲ ಲೈಬ್ರರಿಯ ದೋಷ, ಅವೇಯ್ಟ್‌ನದ್ದಲ್ಲ ಎನ್ನುವವರಿದ್ದಾರೆ. ತಾಂತ್ರಿಕವಾಗಿ ಅದು ನಿಜ. ಆದರೆ ಕಾಯುವಿಕೆಯನ್ನು ಸಾಮಾನ್ಯ ಫಂಕ್ಷನ್ ಕರೆಯಂತೆ ಕಾಣಿಸುವುದೇ ಅವೇಯ್ಟ್‌ನ ಹೆಗ್ಗಳಿಕೆ ಎಂದು ಹೊಗಳಿದವರು, ಆ ತೋರಿಕೆಯಿಂದಾಗಿಯೇ ಗಡುವು, ರದ್ದು, ಪುನಃ ಒತ್ತುವಿಕೆ ಕಣ್ಮರೆಯಾದವು ಎಂಬುದನ್ನೂ ಒಪ್ಪಬೇಕಾಗುತ್ತದೆ. ಹಾಗೆಂದು ಅವೇಯ್ಟ್‌ನ ಹೆಸರಾಂತ ಟೀಕಾಕಾರರ ಪಕ್ಷವನ್ನೂ ನಾನು ವಹಿಸಲಾರೆ. ಬಾಬ್ ನಿಸ್ಟ್ರಮ್ 2015ರಲ್ಲಿ ಬರೆದ ಲೇಖನ, ಈ ಪದ್ಧತಿ ಫಂಕ್ಷನ್‌ಗಳನ್ನು ಅಸಿಂಕ್ ಮತ್ತು ಸಾಮಾನ್ಯ ಎಂಬ ಎರಡು ಬಣ್ಣಗಳಾಗಿ ಒಡೆಯುತ್ತದೆ ಎಂದು ದೂರಿ ಗೋ ಭಾಷೆಯ ದಾರಿಯನ್ನು ಮೆಚ್ಚಿತು. ಅಂದಿನಿಂದ ಬಣ್ಣದ ಮಾತು ಎತ್ತದೆ ಈ ಚರ್ಚೆ ಮುಗಿಯುವುದೇ ಇಲ್ಲ. ಸರ್ವರ್ ಬರೆಯುವವರಿಗೆ ಆ ದೂರು ಸಲ್ಲಬಹುದು. ಡೆಸ್ಕ್‌ಟಾಪಿನಲ್ಲಿ ಎರಡು ಬಣ್ಣಗಳು ಭಾಷೆ ಹುಟ್ಟಿಸಿದವಲ್ಲ: ಪರದೆಯನ್ನು ಮುಟ್ಟಬಹುದಾದ ಥ್ರೆಡ್ ಒಂದೇ, ಉಳಿದವು ಮುಟ್ಟಬಾರದವು. 2023ರ ಜಾವಾ 21 ವರ್ಚುವಲ್ ಥ್ರೆಡ್‌ಗಳನ್ನು ಕೊಟ್ಟಿತು. ಆದರೂ ಜಾವಾದ ಯುಐ ಲೈಬ್ರರಿಯಾದ ಸ್ವಿಂಗ್‌ನ ಪರದೆಯನ್ನು ಬದಲಿಸಲು ಇವೆಂಟ್ ಡಿಸ್ಪ್ಯಾಚ್ ಥ್ರೆಡ್‌ಗೆ ಬರಬೇಕಾದ ಕಟ್ಟುಪಾಡು ಹಾಗೆಯೇ ಉಳಿಯಿತು. ಇರುವ ಭೇದವನ್ನು ಬರಹದಲ್ಲಿ ತೋರಿಸಿದ್ದು ಅವೇಯ್ಟ್‌ನ ನಿಜವಾದ ಗುಣ. ಟೀಕಾಕಾರರು ಅದನ್ನೇ ದೋಷವೆಂದರು, ಡೌನ್‌ಲೋಡಿನ ಕಷ್ಟಗಳನ್ನು ಮುಟ್ಟಲೇ ಇಲ್ಲ.

ಕೆಲವು ಕೆಬಿಯ ಜೇಸನ್ ತರಲು ಒಂದು ಅವೇಯ್ಟ್ ಸಾಲು ಧಾರಾಳವಾಗಿ ಸಾಕು. ದೊಡ್ಡ ಫೈಲಿಗೆ ಬೇಕಾದದ್ದು ಒಂದು ಲೂಪ್: ಸ್ವಲ್ಪ ಓದು, ತಾತ್ಕಾಲಿಕ ಫೈಲಿಗೆ ಬರೆ, ಎಷ್ಟಾಯಿತೆಂದು ತಿಳಿಸು, ರದ್ದಾಗಿದೆಯೇ ನೋಡು, ಪ್ರತಿ ಓದಿಗೂ ಗಡುವು ಹಾಕು, ಪೂರ್ತಿಯಾದ ಮೇಲಷ್ಟೇ ಹೆಸರು ಬದಲಿಸು. ಪ್ರತ್ಯೇಕ ಥ್ರೆಡ್‌ನಲ್ಲಿ ಬ್ಲಾಕಿಂಗ್ ಆಗಿ ಬರೆದರೂ ಇದು ಒಳ್ಳೆಯ ಕೋಡೇ. ಅವೇಯ್ಟ್ ಬಳಸಿ ಬರೆದರೂ ಶ್ರೇಯಸ್ಸು ಲೂಪಿಗೇ ಸಲ್ಲಬೇಕು. ಇನ್ನೊಬ್ಬರ ಡೌನ್‌ಲೋಡ್ ಕೋಡನ್ನು ಪರಿಶೀಲಿಸುವವರು ಅವೇಯ್ಟ್ ಕಂಡೊಡನೆ ಒಪ್ಪಿಗೆ ಕೊಡದೆ, ಫೈಲ್ ಅರ್ಧ ಇಳಿದಾಗ ರೂಟರಿಗೆ ಬರುವ ಕೇಬಲನ್ನು ಕಿತ್ತು, ಐದು ನಿಮಿಷ ಬಿಟ್ಟು ಪ್ರೋಗ್ರಾಮು ಏನು ಹೇಳುತ್ತದೆಂದು ನೋಡಿ ಆಮೇಲೆ ಒಪ್ಪಲಿ.