ಕಟ್ಟಿನ ಬಿಗಿ, ಬೆರಳಿನ ಬಣ್ಣ

ಐದಾರು ವರ್ಷದ ಮಗು ಬೀಳುವಾಗ ಅಂಗೈ ಊರುತ್ತದೆ. ಮುರಿಯುವುದು ಮೊಣಕೈಗಿಂತ ತುಸು ಮೇಲೆ, ತೋಳಿನ ಮೂಳೆ ತೆಳ್ಳಗಾಗುವ ಜಾಗ. ನಮ್ಮಲ್ಲಿ ಎಷ್ಟೋ ಮನೆಯವರಿಗೆ ಆಗ ಮೊದಲು ನೆನಪಾಗುವುದು ಪುತ್ತೂರು ಕಟ್ಟು. ಆಂಧ್ರದ ಪುತ್ತೂರಿನ ಹೆಸರು ಹೊತ್ತ ಈ ಪದ್ಧತಿಯಲ್ಲಿ ಸೊಪ್ಪಿನ ರಸ, ಮೊಟ್ಟೆಯ ಲೋಳೆ ಬಳಿದು, ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಾರೆ. ಗುಣವಾದವರು ಬಹಳ ಮಂದಿ ಇದ್ದಾರೆ, ಸುಳ್ಳಲ್ಲ. ಆದರೆ ಮೂಳೆ ಬರೀ ಬಿರುಕು ಬಿಟ್ಟು ಜಾಗ ಕದಲದಿದ್ದರೆ, ಮೂರು ವಾರ ಅಲ್ಲಾಡಿಸದೆ ಇಟ್ಟರೆ ಸಾಕು, ಯಾವ ಆಸರೆಯಲ್ಲಾದರೂ ಕೂಡಿಕೊಳ್ಳುತ್ತದೆ. 1959ರಲ್ಲಿ ವೈದ್ಯ ಗಾರ್ಟ್‌ಲ್ಯಾಂಡ್ ಈ ಮುರಿತಕ್ಕೆ ಮಾಡಿದ ವಿಂಗಡಣೆಯಲ್ಲಿ ಇದು ಮೊದಲ ಬಗೆ. ಮೂರನೆಯದರಲ್ಲಿ ತುಂಡುಗಳು ಪೂರ್ತಿ ಬೇರೆಯಾಗಿ, ಚೂಪು ತುದಿ ಮುಂಗೈಗೆ ರಕ್ತ ಒಯ್ಯುವ ನಾಳದ ಮಗ್ಗುಲಿಗೇ ಬಂದು ನಿಂತಿರುತ್ತದೆ. ಯಾವುದು ಯಾವ ಬಗೆಯೆಂದು ಎಕ್ಸ್‌ರೇ ನೋಡದೆ ತೀರ್ಮಾನಿಸಿ, ಎಲ್ಲಕ್ಕೂ ಒಂದೇ ಕಟ್ಟು ಕಟ್ಟುವುದಕ್ಕೇ ನನ್ನ ತಕರಾರು.

ಮೊದಲ ದಿನ ಬಾವು ಏರುತ್ತಲೇ ಇರುತ್ತದೆ, ಬಿಗಿದ ಬಟ್ಟೆ ಮಾತ್ರ ಹಿಗ್ಗುವುದಿಲ್ಲ. ಒಳಗಿನ ಒತ್ತಡಕ್ಕೆ ಮುಂಗೈ ಸ್ನಾಯುಗಳಿಗೆ ರಕ್ತ ಸಿಗದೆ, ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ; ಆಮೇಲೆ ಬೆರಳುಗಳು ಮಡಚಿಕೊಂಡು ಹಾಗೇ ಉಳಿದುಬಿಡುತ್ತವೆ. ಜರ್ಮನಿಯ ವೈದ್ಯ ಫೋಲ್ಕ್‌ಮನ್ 1881ರಲ್ಲೇ ಇದಕ್ಕೆ ಬಿಗಿ ಪಟ್ಟಿಯತ್ತ ಬೆರಳು ತೋರಿಸಿದ್ದರು. ಹಾಗಾಗಿ ಇದು ನಾಟಿ ವೈದ್ಯರ ಮೇಲಷ್ಟೇ ಹೊರಿಸುವ ದೂರಲ್ಲ. ಊದಿಕೊಂಡ ಕೈಗೆ ಸುತ್ತಲೂ ಪ್ಲಾಸ್ಟರ್ ಹಾಕಿ, ಏನು ಗಮನಿಸಬೇಕೆಂದು ತಾಯಿಗೆ ಹೇಳದೆ ಮನೆಗೆ ಕಳಿಸುವ ಆಸ್ಪತ್ರೆಯೂ ಅದೇ ತಪ್ಪು ಮಾಡುತ್ತದೆ. ನಾಡಿ ಸಿಗುತ್ತಿದೆ ಎಂಬುದೂ ಸಾಲದು, ನಾಡಿ ಇದ್ದೂ ಸ್ನಾಯು ಸಾಯಬಹುದು. ಬೆರಳನ್ನು ಮೆಲ್ಲಗೆ ನೀಡಿದರೂ ಮಗು ಚೀರಿದರೆ, ನೋವಿನ ಔಷಧಿ ಕೊಟ್ಟಷ್ಟೂ ಸಾಲದಾದರೆ, ಕೂಡಲೇ ಕಟ್ಟು ಬಿಚ್ಚಿ ಆಸ್ಪತ್ರೆಗೆ ಓಡಬೇಕು.

ಮಕ್ಕಳ ಮೂಳೆ ಸೊಟ್ಟಗೆ ಕೂಡಿದರೂ ಬೆಳೆಯುತ್ತ ನೆಟ್ಟಗಾಗುತ್ತದೆ ಎನ್ನುವವರಿದ್ದಾರೆ. ಭುಜದ ಹತ್ತಿರ ಮುರಿದಿದ್ದರೆ ಒಪ್ಪಬಹುದಿತ್ತು. ತೋಳಿನ ಮೂಳೆಯ ಬೆಳವಣಿಗೆಯಲ್ಲಿ ಸುಮಾರು 80 ಪಾಲು ಭುಜದ ತುದಿಯದು, ಮೊಣಕೈ ಕಡೆಯದು 20 ಮಾತ್ರ. ಇಲ್ಲಿ ಒಳಕ್ಕೆ ವಾಲಿ ಕೂಡಿದ ಕೈ ಹಾಗೇ ಉಳಿಯುತ್ತದೆ. ಖರ್ಚು, ದೂರ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಆದರೂ ಜಾಗ ಬಿಟ್ಟ ಮೂಳೆಯನ್ನು ಕೂಡಿಸಿ ಎರಡು ಮೂರು ತಂತಿ ತೂರಿಸಿದರೆ, ಮೂರು ನಾಲ್ಕು ವಾರದಲ್ಲಿ ಅವನ್ನು ಎಳೆದು ತೆಗೆಯಬಹುದು. ಆಸ್ಪತ್ರೆಗೆ ತಲುಪುವವರೆಗೆ ಕೈಯನ್ನು ಹೆಚ್ಚು ಮಡಚದೆ, ಸಡಿಲವಾದ ಆಸರೆ ಕೊಟ್ಟು, ಬೆರಳು ಕಾಣುವಂತೆ ಬಿಟ್ಟರೆ ಆಯಿತು. ಇದಕ್ಕೆ ದುಡ್ಡು ಬೇಡ. ಹೆಬ್ಬೆರಳು, ತೋರುಬೆರಳು ಕೂಡಿಸಿ ಉಂಗುರ ಮಾಡು ಎಂದು ಮಗುವಿಗೆ ಹೇಳಿನೋಡಿ. ದುಂಡಗಿನ ಉಂಗುರ ಬರದೆ ಬೆರಳ ತುದಿಗಳು ಚಪ್ಪಟೆಯಾಗಿ ಒತ್ತಿಕೊಂಡರೆ ನರಕ್ಕೂ ಪೆಟ್ಟು ಬಿದ್ದಿರಬಹುದು. ಅದನ್ನು ಕಟ್ಟು ಕಟ್ಟುವ ಮೊದಲೇ ನೋಡಿಕೊಳ್ಳಬೇಕು.