ನುಗ್ಗೆಮರದೊಳಗಿನ ದನಿ

ಹಿತ್ತಿಲ ನುಗ್ಗೆಮರದಿಂದ ‘ಚಿಸ್ವೀ’ ಎಂದು ಚೂಪಾದ ದನಿಯೊಂದು ಕೇಳಿತು. ಈಗ ಬಂದಿರುವುದು ದೂರದ ನೆಂಟ.

ಇದು ಉಲಿಯಕ್ಕಿ, ಇಂಗ್ಲಿಷಿನವರ ಗ್ರೀನಿಶ್ ವಾರ್ಬ್ಲರ್. ತೂಕ ಹತ್ತು ಗ್ರಾಂ ಕೂಡ ಇಲ್ಲ. ಹಿಮಾಲಯದಲ್ಲಿ, ಅದರಾಚೆ ಸೈಬೀರಿಯಾದ ಕಾಡುಗಳಲ್ಲಿ ಮರಿ ಮಾಡಿ, ಮಳೆ ಹಿಂದೆಗೆಯುವ ಹೊತ್ತಿಗೆ ದಕ್ಷಿಣಕ್ಕೆ ಇಳಿಯುತ್ತದೆ. ಮೈಗೆ ಎಲೆಯದೇ ಬಣ್ಣ, ಕಣ್ಣಿನ ಮೇಲೆ ಮಾಸಲು ಹುಬ್ಬು, ರೆಕ್ಕೆಯಲ್ಲೊಂದು ತೆಳು ಗೆರೆ. ಎಲೆಯಡಿಯ ಹುಳ ಹೆಕ್ಕುತ್ತಾ ಸರಿದಾಡುವ ಇದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ. ಚಳಿಗಾಲದುದ್ದಕ್ಕೂ ಒಂದಿಷ್ಟು ಮರಗಳನ್ನು ತನ್ನದೆಂದು ಕಾಯುತ್ತದೆ. ಆ ‘ಚಿಸ್ವೀ’ ಕೂಗು ಬೇರೆ ಉಲಿಯಕ್ಕಿಗಳಿಗೆ ಕೊಡುವ ಎಚ್ಚರಿಕೆ.

ಇಂಥ ಹಕ್ಕಿಗೆ ಹಿತ್ತಿಲ ಜಗುಲಿಯೇ ಸರಿ. ಮುಂದಿನ ಜಗುಲಿ ಬಂದುಹೋಗುವವರದು, ಮಾತಿನದು. ಹಿಂದೆ ಒಗೆಯುವ ಕಲ್ಲು, ಕರಿಬೇವು, ಬಚ್ಚಲ ನೀರು ಕುಡಿದು ಕೊಬ್ಬಿದ ಬಾಳೆ, ಅದರ ಬುಡದಲ್ಲಿ ಕೆಸುವಿನೆಲೆ. ಕಂಬಕ್ಕೆ ಬೆನ್ನು ಕೊಟ್ಟು ಹತ್ತು ನಿಮಿಷ ಅಲುಗಾಡದೆ ಕೂತರೆ, ಮನುಷ್ಯರಿದ್ದಾರೆಂಬುದನ್ನು ಹಿತ್ತಿಲು ಮರೆಯುತ್ತದೆ. ಮಡಿವಾಳ ಹಕ್ಕಿ ಒದ್ದೆ ನೆಲಕ್ಕಿಳಿದು ಬಾಲ ಎತ್ತುತ್ತದೆ. ಹರಟೆಮಲ್ಲಗಳು ತರಗೆಲೆ ಮಗುಚುತ್ತವೆ.

ಆದರೆ ಈಗ ಕಟ್ಟುವ ಮನೆಗಳಲ್ಲಿ ಈ ಜಾಗಕ್ಕೆ ‘ಯುಟಿಲಿಟಿ’ ಎಂದು ಹೆಸರು. ವಾಷಿಂಗ್ ಮೆಷಿನ್ ಕೂರಿಸಿ, ಗ್ರಿಲ್ ಹಾಕಿ, ಗಾಜು ಎಳೆದರೆ ಮುಗಿಯಿತು. ಮೂವತ್ತು–ನಲವತ್ತರ ನಿವೇಶನದಲ್ಲಿ ಜಾಗ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಜಾಗವಿದ್ದವರೂ ಮುಚ್ಚುತ್ತಿದ್ದಾರಲ್ಲ, ಸಂಕಟ ಅದು. ಉದ್ದ ಲೆನ್ಸ್ ಹೊತ್ತು ಕಬಿನಿಯ ಕಾಡಿಗೆ ಹೋಗುವ ಪಂಥದ ಜೊತೆಗೂ ಈ ಅಂಕಣದ ತಕರಾರು ಹಳೆಯದು. ಫೋಟೊಗೆ ಸಿಗದ ಹಕ್ಕಿಯನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಿವಿಯ ಬೆಲೆ ಅರಿತವನು ಗಿಲ್ಬರ್ಟ್ ವೈಟ್. ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಈ ಪಾದ್ರಿ ಹೆಚ್ಚಿನ ಆಯುಷ್ಯವನ್ನು ತನ್ನ ತೋಟ, ಊರು, ಸುತ್ತಲ ಗುಡ್ಡಗಳನ್ನು ನೋಡುತ್ತಲೇ ಕಳೆದ. ಕಂಡದ್ದನ್ನು ಗೆಳೆಯರಿಗೆ ಬರೆದ. ಆ ಪತ್ರಗಳೇ 1789ರಲ್ಲಿ ಪುಸ್ತಕವಾದವು. ಆಗ ಜನ ಒಂದೇ ಹೆಸರಿನಿಂದ ಕರೆಯುತ್ತಿದ್ದ ಪುಟ್ಟ ಹಸಿರು ಹಕ್ಕಿಗಳಲ್ಲಿ ಮೂರು ಬೇರೆ ಬೇರೆ ಜಾತಿಗಳಿವೆ, ಮೂರರ ದನಿಯೂ ಬೇರೆ ಎಂದು 1768ರಲ್ಲಿ ಗೆಳೆಯ ಥಾಮಸ್ ಪೆನೆಂಟ್‌ಗೆ ತಿಳಿಸಿದ. ಆ ಮೂರೂ ನಮ್ಮ ನುಗ್ಗೆಮರದ ಉಲಿಯಕ್ಕಿಯ ದಾಯಾದಿಗಳೇ.

ವೈಟ್‌ನನ್ನು ಕೊನೆತನಕ ಕಾಡಿದ್ದು ಇನ್ನೊಂದು ಪ್ರಶ್ನೆ. ಚಳಿಗಾಲದಲ್ಲಿ ಕವಲುತೋಕೆಗಳು ದೂರದೇಶಕ್ಕೆ ಹಾರಿಹೋಗುತ್ತವೆಯೋ, ಅಲ್ಲೇ ಎಲ್ಲೋ ಬಿಲದಲ್ಲಿ ಅಡಗಿ ಮಲಗುತ್ತವೆಯೋ? ಅವನಿಗೆ ತೀರ್ಮಾನಕ್ಕೆ ಬರಲಾಗಲಿಲ್ಲ. ಹಕ್ಕಿ ಹೋದ ಮೇಲಿನ ಖಾಲಿ ಆಕಾಶವಷ್ಟೇ ಅವನ ಪಾಲಿಗಿತ್ತು. ಹಕ್ಕಿ ಬಂದಿಳಿಯುವ ಕೊನೆ ನಮ್ಮ ಪಾಲಿಗಿದೆ.

ನಿನ್ನೆ ಸಂಜೆ ಬಚ್ಚಲೊಲೆಯ ಹೊಗೆ ಬಾಳೆಯ ಮೇಲೆ ಹರಡಿಕೊಂಡಾಗ ಉಲಿಯಕ್ಕಿ ಎರಡು ಸಲ ಕೂಗಿತು. ಕರಿಬೇವಿನ ತುದಿಗೆಲ್ಲು ಒಮ್ಮೆ ಬಾಗಿ ಮೇಲೆದ್ದಿತು. ಮೂರನೆಯ ಕೂಗು ಪಕ್ಕದ ಮನೆಯ ಸೀಬೆಮರದಿಂದ ಬಂತು.