ಪ್ರಭಾಶಿಲ್ಪವೂ ಸಹೃದಯನೂ

ಕಲ್ಲು ಲೋಹಗಳಿಗೆ ಬದಲಾಗಿ ಬೆಳಕನ್ನೇ ಉಪಾದಾನವಾಗಿಟ್ಟುಕೊಂಡು, ನೋಡುವವನ ಸ್ಪರ್ಶಕ್ಕೋ ಚಲನೆಗೋ ತಕ್ಕಂತೆ ರೂಪವನ್ನು ಬದಲಿಸುವ ಕೃತಿಗಳು ಈಚಿನ ದಶಕಗಳಲ್ಲಿ ಬಹುವಾಗಿ ಹೊರಟಿವೆ. ಇವುಗಳ ವಿಷಯದಲ್ಲಿ ಆಲಂಕಾರಿಕರು ಕೇಳತಕ್ಕ ಪ್ರಶ್ನೆ ಒಂದುಂಟು: ಪ್ರೇಕ್ಷಕನೇ ಕೃತಿಗೆ ಕಾರಣನಾದ ಬಳಿಕ ಸಹೃದಯನಾಗಿ ಉಳಿಯುವನೆ? ಅಭಿನವಗುಪ್ತಾಚಾರ್ಯರು ಅಭಿನವಭಾರತಿಯಲ್ಲಿ ಎಣಿಸಿದ ಏಳು ರಸವಿಘ್ನಗಳಲ್ಲಿ ನಿಜಸುಖಾದಿವಿವಶೀಭಾವವೂ ಒಂದು. ತನ್ನ ಸುಖದುಃಖಗಳಲ್ಲಿಯೇ ಮುಳುಗಿದವನಿಗೆ ರಸಪ್ರತೀತಿಯಾಗದೆಂಬುದು ಅದರ ತಾತ್ಪರ್ಯ. ಕೈಯಾಡಿಸಿದೊಡನೆ ಗೋಡೆಯ ಮೇಲೆ ಬಣ್ಣ ಕುಣಿಯಿತೆಂದು ಹಿಗ್ಗುವವನು ತನ್ನನ್ನೇ ಕಂಡು ಹಿಗ್ಗಿದನಲ್ಲದೆ ಕೃತಿಯನ್ನು ಕಂಡನೆನ್ನಲಾಗದು. ಇಂಥವೇ ಹೆಚ್ಚು. ದೀಪಾವಳಿಯಲ್ಲಿ ಹುಬ್ಬಳ್ಳಿಯ ಕೇಶ್ವಾಪುರದ ಮನೆಗಳ ಮುಂದೆ ತೂಗುವ ಆಕಾಶಬುಟ್ಟಿಗಳು ಗಾಳಿಗೆ ಆಡುವುವೇ ಹೊರತು ನೋಡುವವನಿಗಾಗಿ ಆಡವು. ಅದರಿಂದ ಅವುಗಳ ಚೆಲುವಿಗೆ ಕೊರತೆಯೇನೂ ಬಂದಿಲ್ಲ.

ನಮ್ಮ ತೊಗಲುಗೊಂಬೆಯಾಟದಲ್ಲಿ ಈ ವಿಘ್ನಕ್ಕೆ ಎಡೆಯೇ ಇಲ್ಲ. ದೀಪವೂ ಗೊಂಬೆಯೂ ಪರದೆಯ ಅತ್ತ, ಪ್ರೇಕ್ಷಕನು ಇತ್ತ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆತದ್ದು ಈ ಕಲೆಗಾಗಿಯೇ. ಮೆಕ್ಸಿಕೋ ಸಂಜಾತ ರಫಾಯೆಲ್ ಲೊಸಾನೊ-ಹೆಮ್ಮರನು 2001ರಲ್ಲಿ ರಾಟರ್‌ಡ್ಯಾಮಿನ ಚೌಕದಲ್ಲಿ ರಚಿಸಿದ 'ಬಾಡಿ ಮೂವೀಸ್' ಕೃತಿಯಲ್ಲಾದರೋ ಪ್ರೇಕ್ಷಕನೇ ಗೊಂಬೆಯ ಸ್ಥಾನದಲ್ಲಿ ನಿಲ್ಲುತ್ತಾನೆ. ಅವನ ನೆರಳು ಬಿದ್ದೆಡೆಯಲ್ಲಿ ಮಾತ್ರ ಪರರ ಭಾವಚಿತ್ರವು ತೋರುತ್ತದೆ. ಚಮತ್ಕಾರವುಂಟು; ಆದರೆ ಆಟದ ಉತ್ಸಾಹವು ಅದನ್ನು ಮೀರುತ್ತದೆ.

ಅವನದೇ 'ಪಲ್ಸ್ ರೂಮ್' ಇದಕ್ಕಿಂತ ಬಹಳ ಮೇಲು. 2006ರಲ್ಲಿ ಮೆಕ್ಸಿಕೋದ ಪ್ವೆಬ್ಲಾದಲ್ಲಿ ಮೊದಲು ತೋರಿಸಲ್ಪಟ್ಟ ಈ ಕೃತಿಯಲ್ಲಿ 100ರಿಂದ 300ರವರೆಗೆ ವಿದ್ಯುದ್ದೀಪಗಳು ತಲೆಯ ಮೇಲೆ ಸಾಲಾಗಿ ತೂಗುತ್ತವೆ. ಬಂದವನು ಹಿಡಿಕೆಗಳನ್ನು ಹಿಡಿದೊಡನೆ ಯಂತ್ರವು ನಾಡಿಯನ್ನು ಗ್ರಹಿಸುತ್ತದೆ. ಅತಿ ಸಮೀಪದ ದೀಪವು ಆ ಲಯದಲ್ಲಿಯೇ ಮಿಡಿಯುತ್ತದೆ. ಅಷ್ಟರವರೆಗೆ ಮೇಲೆ ಹೇಳಿದ ದೋಷವೇ. ಆದರೆ ಅವನು ಕೈಬಿಟ್ಟಾಗ ದೀಪಗಳೆಲ್ಲ ಕ್ಷಣಕಾಲ ಆರಿ, ಅವನ ನಾಡಿಯು ಸಾಲಿನ ಮುಂದಿನ ದೀಪಕ್ಕೆ ಸರಿಯುತ್ತದೆ. ಮತ್ತೊಬ್ಬನು ಬಂದಂತೆ ಇನ್ನೂ ಒಂದು ಹೆಜ್ಜೆ. ನೋಡುನೋಡುತ್ತಿದ್ದಂತೆ ತನ್ನದಾವುದು ಪರರದಾವುದೆಂಬ ವಿವೇಕವು ಕಳೆದುಹೋಗುತ್ತದೆ. ಭಟ್ಟನಾಯಕನು ಹೇಳಿದ ಸಾಧಾರಣೀಕರಣವನ್ನು ಇಲ್ಲಿ ಕೃತಿಯ ರಚನೆಯೇ ನೆರವೇರಿಸುತ್ತದೆ: ಕರ್ತೃವಾಗಿ ಬಂದವನನ್ನು ಸಹೃದಯನನ್ನಾಗಿ ಮಾಡುತ್ತದೆ.

ಸಾಲಿನ ಕೊನೆಯನ್ನು ಮುಟ್ಟಿದ ನಾಡಿಯು ಅಳಿಯುತ್ತದೆ. ಇದರಿಂದ ಇಲ್ಲಿಯ ಸ್ಥಾಯಿಭಾವವು ಶೋಕವೆಂದು ಕೆಲವರು ಹೇಳಿಯಾರು. ಶೋಕಕ್ಕೆ ಆಲಂಬನನಾಗತಕ್ಕ ವ್ಯಕ್ತಿಯು ಗುರುತಿಗೇ ಸಿಕ್ಕದಿರುವಲ್ಲಿ ಶಮವೆಂದು ಹೇಳುವುದೇ ಯುಕ್ತವಾಗಿ ತೋರುತ್ತದೆ.